ಕಮಲಾಪುರ ಬಸ್ಸಿನಲ್ಲಿ ವಿಮಾನದ ತಾಲೀಮು

ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹಿಡಿಯುವ ಹೊತ್ತು, ಕಲಬುರಗಿಯಿಂದ ನನ್ನ ತವರು ಕಮಲಾಪುರಕ್ಕೆ ಬಸ್ಸಿನಲ್ಲಿ ಹಿಡಿಯುವ ಹೊತ್ತು, ಎರಡೂ ಹೆಚ್ಚುಕಡಿಮೆ ಒಂದೇ. ಇದನ್ನು ಕಂಡುಹಿಡಿದವಳು ನಾನು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಇಂಥ ಲೆಕ್ಕ ತಾನಾಗಿಯೇ ಹೊಳೆಯುತ್ತದೆ. ಹೊಳೆದ ಮೇಲೆ ಅದನ್ನು ಅಲ್ಲಿಗೇ ಬಿಡುವ ಸ್ವಭಾವವೂ ನನ್ನದಲ್ಲ.

ಆ ವರ್ಷ ನನ್ನ ಗಂಡ ಇಲಾಖೆಯ ತರಬೇತಿಗೆಂದು ಮೂರು ತಿಂಗಳು ಬೆಂಗಳೂರಿನಲ್ಲಿದ್ದರು. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಹದಿನೈದು ದಿನ ಬಂದುಹೋಗು ಅಂದರು. ರೈಲಿನ ರಗಳೆ ಬೇಡ, ಒಂದು ಸಲ ವಿಮಾನವನ್ನೂ ನೋಡಿಬಿಡೋಣ ಅಂತ ಅವರೇ ಹೇಳಿದರು. ನಮ್ಮಲ್ಲಿ ಅದುವರೆಗೆ ಯಾರೂ ವಿಮಾನ ಹತ್ತಿರಲಿಲ್ಲ. ಮಗಳಿಗೆ ಆಗ ಏಳು ವರ್ಷ, ಮಗನಿಗೆ ಎರಡೂವರೆ. ಮಗಳ ಚಿಂತೆ ಯಾರಿಗೂ ಇರಲಿಲ್ಲ. ಕೂಡು ಅಂದರೆ ಕೂಡುವ, ಉಣ್ಣು ಅಂದರೆ ಉಣ್ಣುವ ಹುಡುಗಿ. ಮಗ ಮಾತ್ರ ಒಂದು ಕಡೆ ಕುಳಿತದ್ದನ್ನು ಶಹಾಬಜಾರದ ನಮ್ಮ ಓಣಿಯಲ್ಲಿ ಕಂಡವರಿಲ್ಲ. ಹಿಂದಿನ ಸಲ ರೈಲಿನಲ್ಲಿ ಹೋಗುವಾಗ ಆ ತುದಿಯಿಂದ ಈ ತುದಿಗೆ ಓಡಿ, ಯಾರೋ ಪುಣ್ಯಾತ್ಮರು ಬಿಚ್ಚಿಟ್ಟುಕೊಂಡಿದ್ದ ಬುತ್ತಿಯೊಳಗೆ ಕಾಲಿಟ್ಟು ಬಂದಿದ್ದ.

"ಸಣ್ಣಾವನ್ನ ಕಮಲಾಪುರದಾಗ ಬಿಟ್ಟು ಬಾ," ಅಂದರು ಗಂಡ ಫೋನಿನಲ್ಲಿ. "ನೀ ಒಬ್ಬಾಕಿ, ಇಬ್ಬರನ್ನ ಹ್ಯಾಂಗ ಸಂಭಾಳಸ್ತಿ? ಹದಿನೈದು ದಿನದ ಮಾತು. ನಿಮ್ಮವ್ವಾರು ಖುಷಿಲೆ ನೋಡ್ಕೋತಾರ."

ಖುಷಿಯೇನು, ಅವ್ವ ಕುಣಿಯುವುದೊಂದು ಬಾಕಿ. ಕಮಲಾಪುರದಲ್ಲಿ ಅವಳು ಅಣ್ಣ ಅತ್ತಿಗೆಯರ ಜೊತೆ ತುಂಬಿದ ಮನೆಯಲ್ಲೇ ಇದ್ದಾಳೆ, ಆದರೆ ಅಣ್ಣನ ಮಕ್ಕಳು ಮೀಸೆ ಬರುವಷ್ಟು ದೊಡ್ಡವರಾಗಿ ತೊಡೆಯ ಮೇಲೆ ಕೂಡುವವರು ಯಾರೂ ಉಳಿದಿರಲಿಲ್ಲ. ಸುದ್ದಿ ತಿಳಿದ ಮರುದಿನವೇ ಮೊಮ್ಮಗನಿಗೆಂದು ಹಳೆಯ ಸೀರೆಗಳನ್ನು ಹರಡಿಕೊಂಡು ಕೌದಿ ಹೊಲಿಯಲು ಕುಳಿತಳಂತೆ.

ನನಗೆ ಮನಸ್ಸು ಒಪ್ಪಲಿಲ್ಲ. ಎರಡು ತಿಂಗಳಿಂದ ಅಪ್ಪನನ್ನು ಮೈಮುಟ್ಟಿ ನೋಡದ ಮಗು, ಫೋನಿನಲ್ಲಿ ಅವರ ಮುಖ ಕಂಡಾಗಲೆಲ್ಲ ಅದಕ್ಕೆ ಮುತ್ತು ಕೊಟ್ಟು ಗಾಜಿನ ತುಂಬ ಜೊಲ್ಲು ಮೆತ್ತುತ್ತಿತ್ತು. ಅಂಥವನನ್ನು ಬಿಟ್ಟು ಅಕ್ಕನನ್ನು ಮಾತ್ರ ಕರೆದೊಯ್ಯುವುದು ಯಾವ ನ್ಯಾಯ? ಅದಕ್ಕೇ ಗಂಡನಿಗೆ ಒಂದು ಷರತ್ತು ಹಾಕಿದೆ. ಮೂರು ಭಾನುವಾರ ಕಮಲಾಪುರ ಬಸ್ಸೇ ನಮ್ಮ ವಿಮಾನ. ಮೂರರಲ್ಲಿ ಒಂದು ಸಲವಾದರೂ ಅವನಿಗೆ ಹತ್ತಕ್ಕೆ ಏಳು ಮಾರ್ಕ್ಸ್ ಬಂದರೆ ಅವನಿಗೂ ಟಿಕೆಟ್ಟು. ಬರದಿದ್ದರೆ ಕಮಲಾಪುರ.

"ಹೆಡ್‌ಮಾಸ್ತರಿಕಿ ಮನ್ಯಾಗೂ ಬಂತು," ಅಂತ ನಕ್ಕರು. ಆದರೂ ಒಪ್ಪಿದರು.

ಮಾರ್ಕ್ಸ್ ಹಾಕುವ ಕೆಲಸ ಮಗಳಿಗೆ ಕೊಟ್ಟೆ. ದೊಡ್ಡವಳು, ಅವಳಿಗೂ ಒಂದು ಜವಾಬ್ದಾರಿ ಇರಲಿ ಅಂತ. ಸೀಟು ಬಿಟ್ಟು ಇಳಿಯಬಾರದು, ಮುಂದಿನವರ ಬೆನ್ನಿಗೆ ಒದೆಯಬಾರದು, ಕೂಗಬಾರದು, ಬೆಲ್ಟು ಬಿಚ್ಚಬಾರದು ಅಂತೆಲ್ಲ ಒಂದು ವಹಿಯಲ್ಲಿ ಬರೆದುಕೊಟ್ಟೆ. ಬೆಲ್ಟು ಅಂದರೆ ನನ್ನ ಓಢಣಿ. ವಿಮಾನ ಮೇಲೇರುವಾಗ ಮಕ್ಕಳ ಕಿವಿ ನೋಯುತ್ತದೆ, ಬಾಯಲ್ಲಿ ಏನಾದರೂ ಚೀಪಲು ಕೊಡಿ ಅಂತ ಶಾಲೆಯ ಸಹೋದ್ಯೋಗಿ ಹೇಳಿದ್ದರಿಂದ ರೋಜಾ ಬಡಾವಣೆಯ ಅಂಗಡಿಗೆ ಹೋಗಿ ಅರ್ಧ ಕಿಲೋ ಖರ್ಜೂರವನ್ನೂ ತಂದೆ. ಅದರಲ್ಲಿ ಪಾವು ಕಿಲೋ ತಾಲೀಮು ಶುರುವಾಗುವ ಮೊದಲೇ ನನ್ನ ಹೊಟ್ಟೆ ಸೇರಿತು.

ಮೊದಲ ಭಾನುವಾರದ ಬಸ್ಸಿನಲ್ಲಿ ಮಗನನ್ನು ಕಿಟಕಿಯ ಪಕ್ಕ ಕೂಡಿಸಿ, ಓಢಣಿಯಿಂದ ಹೊಟ್ಟೆಗೆ ಕಟ್ಟಿ, ಗಂಟನ್ನು ಸೀಟಿನ ಹಿಂದೆ ಹಾಕಿದೆ. ಮಗಳು ಆಚೆ ಸಾಲಿನಲ್ಲಿ ಒಬ್ಬಳೇ, ಮಡಿಲಲ್ಲಿ ವಹಿ ಇಟ್ಟುಕೊಂಡು, ಪರೀಕ್ಷೆಗೆ ಬಂದ ಮೇಲ್ವಿಚಾರಕಿಯ ಹಾಗೆ ಗಂಭೀರವಾಗಿ ಕುಳಿತಳು. ನಮ್ಮ ಹಿಂದೆ ಕುಳಿತಿದ್ದ ಮುದುಕಿಯೊಬ್ಬಳಿಗೆ ಆ ಗಂಟು ಕಂಡು ಕರುಳು ಚುರುಕ್ ಅಂದಿರಬೇಕು.

"ಎಂಥಾ ತಾಯಿ ಇದ್ದಿ ಯವ್ವಾ, ಕೂಸಿಗಿ ದನ ಕಟ್ಟಿದಂಗ ಕಟ್ಟೀಯಲ್ಲ!" ಅನ್ನುತ್ತಲೇ ಗಂಟು ಬಿಚ್ಚಿಬಿಟ್ಟಳು.

ಆಮೇಲೆ ಹೇಳುವುದೇನಿದೆ? ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ಅವನು ಡ್ರೈವರನ ಹಿಂದಿನ ಕಂಬ ಅಪ್ಪಿಕೊಂಡು, ಹಾರ್ನಿಗೊಂದು ಸಲ ತಾನೂ ಪೋಂ ಅನ್ನುತ್ತಿದ್ದ. ಮಗಳು ಮೂರು ಮಾರ್ಕ್ಸ್ ಹಾಕಿದಳು. ನಾನಾಗಿದ್ದರೆ ಅದೂ ಇಲ್ಲ.

ಎರಡನೆಯ ಭಾನುವಾರ ಅದೇ ಕಂಡಕ್ಟರು, ಹಿಂದಿನ ವಾರ ನಮ್ಮ ತಾಲೀಮಿನ ಕಥೆಯನ್ನೆಲ್ಲ ಕೇಳಿಕೊಂಡಿದ್ದವರು. ನಮ್ಮನ್ನು ನೋಡಿದವರೇ, "ಟೀಚರ್ರೇ, ಇವತ್ತ ವಿಮಾನ ಎಷ್ಟೊತ್ತಿಗಿ ಹಾರ್ತದ್ರಿ?" ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದರು. ನನಗೆ ಸಿಟ್ಟು ಬಂದರೂ ನಗುವೇ ಮೊದಲು ಹೊರಗೆ ಬಂತು. ಅಂದು ಮಗ ಎರಡು ಸಲ ಒದ್ದ, ಒಂದು ಸಲ ಕೂಗಿದ, ಉಳಿದಂತೆ ಖರ್ಜೂರದ ಬೀಜ ಉಗುಳುವುದರಲ್ಲಿ ಮಗ್ನನಾಗಿದ್ದ. ನನ್ನ ಲೆಕ್ಕದಲ್ಲಿ ಆರಕ್ಕೆ ಮೋಸವಿರಲಿಲ್ಲ. ಮಗಳ ವಹಿಯಲ್ಲಿ ನಾಲ್ಕು ಇತ್ತು. ಬಿಗಿ ಮಾಸ್ತರಿಣಿ, ನನ್ನನ್ನೇ ಹೋಲುತ್ತಾಳೆ ಅಂತ ಒಳಗೊಳಗೇ ಹೆಮ್ಮೆಪಟ್ಟೆ. ಕಮಲಾಪುರದ ಮನೆಯಲ್ಲಿ ಫಲಿತಾಂಶ ಕೇಳಿ ಅವ್ವನೂ ಖುಷಿಯಾದಳು. ಮಗಳ ಕೈಗೆ ತೋಟದ ಕೆಂಪು ಬಾಳೆಹಣ್ಣು ಒಂದು ಹೆಚ್ಚಿಗೇ ಕೊಟ್ಟಳು. ಅದು ನನ್ನ ಕಣ್ಣಿಗೆ ಬಿತ್ತು.

ಮೂರನೆಯ ಭಾನುವಾರ ಅದ್ಭುತವೇ ನಡೆಯಿತು. ಬಸ್ಸು ಹೊರಟ ಸ್ವಲ್ಪ ಹೊತ್ತಿನಲ್ಲೇ ಮಗ ಕಿಟಕಿಗೆ ಹಣೆ ಹಚ್ಚಿ, ಎತ್ತುಗಳನ್ನೂ ಟ್ರಾಕ್ಟರುಗಳನ್ನೂ ಎಣಿಸುವವನ ಹಾಗೆ ಬೆರಳು ಆಡಿಸುತ್ತ ಕುಳಿತ. ಇಳಿಯಲಿಲ್ಲ, ಒದೆಯಲಿಲ್ಲ. ಕಮಲಾಪುರ ಹತ್ತಿರವಾದಾಗ ನನ್ನ ತೋಳಿಗೆ ಒರಗಿ ನಿದ್ದೆಯನ್ನೂ ಮಾಡಿದ. ಇಳಿಯುವ ಮೊದಲೇ ಗಂಡನಿಗೆ ಫೋನು ಮಾಡಿ ಮೂರೂ ಟಿಕೆಟ್ಟು ಮಾಡಿಸಿಬಿಡಿ ಅನ್ನಬೇಕೆಂದುಕೊಂಡಿದ್ದೆ. ಮನೆಗೆ ಹೋಗಿ ವಹಿ ತೆಗೆದು ನೋಡಿದರೆ ಎರಡು ಮಾರ್ಕ್ಸ್.

"ಇದೇನ ಇದು?" ಅಂದೆ.

"ನಿದ್ದಿ ಮಾಡ್ಯಾನ. ನಿದ್ದಿ ಮಾಡಿದ್ರ ಮಾರ್ಕ್ಸ್ ಹೋಗ್ತಾವ," ಅಂದಳು ಮಗಳು, ನೆಲ ನೋಡುತ್ತ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಶಾಲೆಯಲ್ಲಿ ಒಬ್ಬರಿಗೂ ಅರ್ಧ ಮಾರ್ಕ್ಸ್ ಅನ್ಯಾಯ ಮಾಡದವಳ ಮನೆಯಲ್ಲಿ ಇಂಥ ಮೋಸ! ಆ ಹೆಚ್ಚಿನ ಬಾಳೆಹಣ್ಣು ತಟ್ಟನೆ ನೆನಪಾಯಿತು. ನೇರ ಅವ್ವನ ಕಡೆ ತಿರುಗಿದೆ.

"ನೀನೇ ಆಕಿಗಿ ಹೇಳಿಕೊಟ್ಟೀದಿ. ಪೋರ ನಿನ್ನ ಬಲ್ಲಿ ಉಳೀಬೇಕಂತ."

ಅವ್ವನ ಮುಖ ಸಣ್ಣದಾಯಿತು. "ಅವ ಇಲ್ಲೇ ಉಳೀಲಿ ಅಂತ ಮನಸಿನ್ಯಾಗ ಅಂದ್ಕೊಂಡೀನಿ, ಅದು ಖರೇ. ಹಂಗಂತ ಕೂಸಿನ ಕೈಲೆ ಸುಳ್ಳ ಬರಸ್ಲೇನು ನಾ?"

"ಆಯಿಗಿ ಬೈಬ್ಯಾಡ," ಅಂದಳು ಮಗಳು. ನಮ್ಮ ಮಕ್ಕಳು ಅವ್ವನನ್ನು ಆಯಿ ಅನ್ನುತ್ತಾರೆ. "ಆಯಿ ಏನೂ ಹೇಳಿಲ್ಲ. ನಾನೇ ಕಮ್ಮಿ ಹಾಕೀನಿ."

"ಯಾಕ? ತಮ್ಮಗ ಬಿಟ್ಟು ಹೋಗಬೇಕಂತೀಯೇನು? ಇಷ್ಟು ದೊಡ್ಡಾಕಿ ಆಗಿ ನಾಚಿಕಿ ಬರೂದಿಲ್ಲ?"

ಅವಳು ಅಳುವ ಹುಡುಗಿಯಲ್ಲ. ಅಂದು ತುಟಿ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡಿದಳು. "ತಮ್ಮ ಬಂದ್ರ ನೀ ಎರಡೂ ಕೈಲೆ ಅವನ್ನೇ ಹಿಡಕೋತಿ. ಬಸ್ಸಿನ್ಯಾಗ ಹಂಗೇ ಮಾಡ್ತಿ. ವಿಮಾನ ಮ್ಯಾಲ ಹೋಗಿ ಅಳ್ಳಾಡಿದ್ರ ನನಗ ಯಾರ ಹಿಡಕೋತಾರ?"

"ನಿನಗ ಅಂಜಿಕಿ ಆಗ್ತದಂತ ಮೊದಲೇ ಯಾಕ ಹೇಳ್ಲಿಲ್ಲ?"

"ನೀ ಯಾವಾಗ ಕೇಳೀದಿ?"

ಮೂರು ವಾರ ಒಬ್ಬಳನ್ನೇ ಆಚೆ ಸಾಲಿನಲ್ಲಿ ಕೂಡಿಸಿದ್ದೆ. ಮೂರು ವಾರ ಅಲ್ಲ, ತಮ್ಮ ಹುಟ್ಟಿದಾಗಿನಿಂದಲೇ ಕೂಡಿಸಿದ್ದೆ. ನೀ ದೊಡ್ಡಾಕಿ, ನೀ ಶಾಣ್ಯಾಕಿ ಅನ್ನುತ್ತ ಅನ್ನುತ್ತ ಏಳು ವರ್ಷದ ಮಗುವನ್ನು ಮಗುವೆಂಬ ಲೆಕ್ಕದಿಂದಲೇ ತೆಗೆದುಹಾಕಿದ್ದೆ. ಅಷ್ಟು ನಾಚಿಕೆ ನನಗೆ ಅದುವರೆಗೆ ಯಾವತ್ತೂ ಆಗಿರಲಿಲ್ಲ. ಅವಳನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡೆ. ಉದ್ದ ಕಾಲುಗಳು ನೆಲ ಮುಟ್ಟುತ್ತಿದ್ದವು. ಅವಳು ತೊಡೆಯ ಮೇಲೆ ಕುಳಿತು ಎಷ್ಟು ಕಾಲವಾಗಿತ್ತೋ ಇಬ್ಬರಿಗೂ ಮರೆತಿತ್ತು.

ಅವ್ವನಿಗೆ ತಪ್ಪಾಯಿತು ಅಂದೆ. ಅವಳು ಮೂಗು ಒರೆಸಿಕೊಂಡು, "ನನಗ ಬೈಯ್ಯೋದು ನಿನಗೇನ ಹೊಸಾದಲ್ಲ. ಆಕಿಗಿ ಮೊದಲ ಉಣ್ಣಾಕ ನೀಡು," ಅಂದಳು.

ಸಂಜೆಯ ಬಸ್ಸಿಗೆ ಮೂವರು ಕೂಡುವ ಸೀಟು ಹಿಡಿದೆ. ನಡುವೆ ನಾನು, ಕಿಟಕಿಗೆ ಮಗ, ಈ ಕಡೆ ಮಗಳು. ಒಂದು ಕೈ ಅವನಿಗೆ, ಒಂದು ಕೈ ಇವಳಿಗೆ. ಒಂದೇ ಕೈಯಲ್ಲಿ ಅವನನ್ನು ಹಿಡಿದಿಡುವುದು ಎಂಥ ಕಷ್ಟವೆಂದು ಅಂದೇ ಗೊತ್ತಾಯಿತು. ಅವನು ಒದ್ದ, ಕೂಗಿದ, ಸೀಟಿನ ಕೆಳಗೂ ಇಳಿದ. ಮುಂದಿನವರು ಎರಡು ಸಲ ತಿರುಗಿ ನೋಡಿದರು. ನೋಡಲಿ ಬಿಡು ಅನ್ನಿಸಿತು. ಕಲಬುರಗಿ ಬಂದ ಮೇಲೆ ಗಂಡನಿಗೆ ಫೋನು ಮಾಡಿ ಮೂರು ಟಿಕೆಟ್ಟು ಮಾಡಿಸಿ, ಮೂರೂ ಒಂದೇ ಸಾಲಿನಲ್ಲಿರಲಿ, ನಡುವಿನದು ನನ್ನದು ಅಂದೆ. ಎಷ್ಟು ಬಂತು ಮಾರ್ಕ್ಸ್ ಅಂತ ಕೇಳಿದರು. ಪರೀಕ್ಷೆ ರದ್ದಾಗಿದೆ ಅಂದೆ.

ಹೊರಡುವ ದಿನ ಎಲ್ಲವೂ ಸರಾಗವಾಗಿ ನಡೆಯಿತು ಅಂದರೆ ಸುಳ್ಳಾಗುತ್ತದೆ. ತಪಾಸಣೆಯ ಕಡೆ ನನ್ನ ಚೀಲದಿಂದ ಮಗ ಬಚ್ಚಿಟ್ಟಿದ್ದ ಎರಡು ಚಮಚ, ಒಂದು ಲಟ್ಟಣಿಗೆ ಹೊರಬಿದ್ದವು. ಲಟ್ಟಣಿಗೆ ನೋಡಿ ಅಲ್ಲಿನ ಹುಡುಗಿ ನಗು ತಡೆಯಲಾರದೆ ಆಚೆ ತಿರುಗಿದಳು. ಅದನ್ನು ಅಲ್ಲೇ ಬಿಟ್ಟು ಹೋಗಬೇಕಾಯಿತು. ವಿಮಾನದಲ್ಲಿ ನಾವು ಅಂದುಕೊಂಡ ಹಾಗೆಯೇ ಕುಳಿತೆವು. ನಿಜವಾದ ಬೆಲ್ಟನ್ನು ಇಬ್ಬರಿಗೂ ನಾನೇ ಹಾಕಿದೆ, ಮೊದಲು ಮಗಳಿಗೆ.

ವಿಮಾನ ಓಡಲು ಶುರುಮಾಡಿದ್ದೇ ತಡ, ಮಗ ಬಾಯಿ ತೆರೆದ. ಆ ರೋದನ ನೆಲ ಬಿಟ್ಟ ಮೇಲೂ ನಿಲ್ಲಲಿಲ್ಲ. ಮೋಡದೊಳಗೆ ವಿಮಾನ ಗಡಗಡ ಅಂದಾಗ ಇನ್ನೂ ಏರಿತು. ಹಿಂದಿನವರು ಮುಂದಿನವರು ಎಲ್ಲರೂ ನಮ್ಮ ಕಡೆಯೇ ನೋಡುತ್ತಿದ್ದರು. ಬಲಗೈಯಿಂದ ಅವನ ಎದೆ ಸವರುತ್ತಲೇ ಇದ್ದೆ, ಆದರೆ ಎಡಗೈಯನ್ನು ಮಗಳ ಕೈಯಿಂದ ಬಿಡಿಸಿಕೊಳ್ಳಲಿಲ್ಲ. ಅವಳ ಅಂಗೈ ಬೆವತು ತಣ್ಣಗಾಗಿತ್ತು. ಉಗುರುಗಳು ನನ್ನ ಚರ್ಮಕ್ಕೆ ಒತ್ತುತ್ತಿದ್ದವು. ನನಗೂ ಅಂಜಿಕೆಯಾಗಿ ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

ಸ್ವಲ್ಪ ಹೊತ್ತಿಗೆ ಅಲುಗಾಟ ನಿಂತು ಕಿಟಕಿಯಲ್ಲಿ ಬಿಸಿಲು ಬಂತು. ಮಗಳು ನನ್ನ ಆಚೆ ಬಗ್ಗಿ, ಕೆಂಪಾಗಿ ಬೆವೆತು ಬಿಕ್ಕುತ್ತಿದ್ದ ತಮ್ಮನ ಮುಖ ನೋಡಿದಳು. ಒಂದೊಂದೇ ಬೆರಳು ಸಡಿಲಿಸಿ ತನ್ನ ಕೈ ತೆಗೆದುಕೊಂಡಳು.

"ಈಗ ಅವನ್ನ ಹಿಡಿ ಮಮ್ಮಿ," ಅಂದಳು. "ನಾ ಕುಂತೀನಿ."

ನಾನು ಅವನನ್ನು ಎರಡೂ ಕೈಯಿಂದ ಅಪ್ಪಿಕೊಂಡೆ. ಆದರೆ ಆ ಇನ್ನೊಂದು ಕೈ ಇನ್ನೂ ಸ್ವಲ್ಪ ಹೊತ್ತು ನನ್ನಲ್ಲೇ ಇರಬೇಕಿತ್ತು ಅನ್ನಿಸಿತು.