ಪಾಲಿಶ್ ಅಕ್ಕ ತಿದ್ದಿಕೊಟ್ಟ ಗೋಡೆ

ಕಳೆದ ತಿಂಗಳು ಕಾಪುವಿನಲ್ಲಿ ತಂಗಿಯ ಹೊಸ ಮನೆ ನೋಡಲು ಹೋಗಿದ್ದೆ. ಗೇಟು ದಾಟುವಾಗಲೇ ಪಾಲಿಶಿಗೆ ಬೆರೆಸುವ ಥಿನ್ನರಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಕಪಾಟುಗಳಿಗೆ ಪಾಲಿಶ್ ನಡೆಯುತ್ತಿತ್ತು. ತಂಗಿ ಎರಡು ಸಲ ಕರೆದಳು. ತಲೆನೋವು ಎಂದು ಹೇಳಿ ನಾನು ಬಾವಿಕಟ್ಟೆಯ ಹತ್ತಿರವೇ ಕುಳಿತುಬಿಟ್ಟೆ. ಅಷ್ಟು ವರ್ಷ ಇದೇ ಕೆಲಸದಲ್ಲಿದ್ದವಳಿಗೆ ಈ ವಾಸನೆ ಹೊಸತಾ ಎಂದು ಅವಳು ನಕ್ಕಳು. ಹೊಸತಲ್ಲ...

ಹಲವು ವರ್ಷಗಳ ಹಿಂದಿನ ಮಾತು. ಆಗ ನಾನು ಮಣಿಪಾಲದ ಒಂದು ಒಳಾಂಗಣ ವಿನ್ಯಾಸದ ಕಚೇರಿಯಲ್ಲಿದ್ದೆ. ಕಾರ್ಕಳದ ಕಡೆ ಊರವರು ಸೇರಿ ಕಟ್ಟಿಸಿದ ಒಂದು ಕಲಾಭವನದ ಒಳಗಿನ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನೊಬ್ಬಳೇ ವಹಿಸಿಕೊಂಡ ಮೊದಲ ಕೆಲಸ ಅದು. ಬರೀ ಕಾಂಕ್ರೀಟಿನ ಆ ದೊಡ್ಡ ಸಭಾಂಗಣದಲ್ಲಿ ಒಬ್ಬರು ಮಾತಾಡಿದರೆ ನಾಲ್ಕು ಜನ ಮಾತಾಡಿದ ಹಾಗೆ ಕೇಳುತ್ತಿತ್ತು. ಅದಕ್ಕಾಗಿ ಪಕ್ಕದ ಗೋಡೆಗಳಿಗೆ ತೂತು ಕೊರೆದ ಪ್ಲೈವುಡ್, ವೇದಿಕೆಯ ಹಿಂದಿನ ಗೋಡೆಗೆ ತೇಗದ ತೆಳುಪದರ ಅಂಟಿಸಿದ ಪ್ಲೈವುಡ್ ಹೊದಿಸುವುದೆಂದು ತೀರ್ಮಾನವಾಯಿತು.

ಪಾಲಿಶ್ ಕೆಲಸಕ್ಕೆ ಬಂದವರು ಗದಗದ ಕಡೆಯ ಒಬ್ಬ ಹೆಂಗಸು. ಗಂಡ ಉಡುಪಿಯಲ್ಲಿ ಕಾಂಕ್ರೀಟ್ ಕೆಲಸಕ್ಕೆ ಹೋಗುತ್ತಿದ್ದ. ಆದಿ ಉಡುಪಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕೆಲಸದವರೆಲ್ಲ ಅವರನ್ನು ಪಾಲಿಶ್ ಅಕ್ಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ವೇದಿಕೆಯ ಗೋಡೆಗೆ ಹಲಗೆ ಹೊಡೆಯುವ ಮೊದಲು ಅಕ್ಕ ಬಡಗಿಯನ್ನು ತಡೆದು ನಿಲ್ಲಿಸಿದರು. ಹಲಗೆಗಳನ್ನೆಲ್ಲ ನೆಲದ ಮೇಲೆ ಹಾಸಿಸಿ, ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸಿ, ಮರದ ಗೆರೆಗಳನ್ನು ನೋಡುತ್ತ ಅತ್ತಿತ್ತ ಬದಲಾಯಿಸಿದರು. ಅರ್ಧ ದಿನ ಹಾಳಾಯಿತೆಂದು ಬಡಗಿ ಗೊಣಗಿದ. ಸಂಜೆ ನೋಡಿದರೆ ಒಂದು ಹಲಗೆಯ ಗೆರೆ ಮುಗಿದಲ್ಲಿ ಇನ್ನೊಂದರದ್ದು ಶುರುವಾಗಿ, ಇಡೀ ಗೋಡೆ ಒಂದೇ ಮರವನ್ನು ಸೀಳಿ ಬಿಡಿಸಿಟ್ಟಂತಿತ್ತು. ನನ್ನ ನಕ್ಷೆಯಲ್ಲಿ ಅದು ಇರಲಿಲ್ಲ. ನನಗೆ ಹೊಳೆದೂ ಇರಲಿಲ್ಲ.

ಒಂದು ಮಧ್ಯಾಹ್ನ, ಉಳಿದವರು ಊಟಕ್ಕೆ ಹೋಗಿದ್ದಾಗ, ಅಕ್ಕ ನನ್ನ ಹತ್ತಿರ ಬಂದು ನಿಂತರು.

"ನಿಮಗೊಬ್ರಿಗೇ ಹೇಳ್ತೀನ್ರಿ ಮೇಡಂ. ಮೂರು ತಿಂಗಳಾಗೇತಿ. ಲಗ್ನ ಆಗಿ ಹನ್ನೊಂದು ವರ್ಷಕ್ಕ ಬಸುರು ನಿಂತೈತ್ರಿ. ಥಿನ್ನರ್ ವಾಸನಿ ಕುಡೀಬ್ಯಾಡ ಅಂದಾರ ದವಾಖಾನ್ಯಾಗ. ಹೊರಗ ಪೇಪರ್ ತಿಕ್ಕೋ ಕೆಲಸ ಕೊಡ್ರಿ ಸಾಕು."

ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಮರುದಿನದಿಂದ ಅಕ್ಕ ಹೊರಗಿನ ಜಗಲಿಯಲ್ಲಿ ಕುಳಿತು ಮರಳುಕಾಗದದಿಂದ ಬಾಗಿಲ ಚೌಕಟ್ಟುಗಳನ್ನು ತಿಕ್ಕುತ್ತಿದ್ದರು. ಒಳಗೆ ಸ್ಪ್ರೇ ಮಾಡಲು ಬೇರೆ ಇಬ್ಬರು ಬಂದರು. ಅಲ್ಲಿಯವರೆಗೆ ನಾನು ಒಳ್ಳೆಯವಳಾಗಿಯೇ ಇದ್ದೆ.

ಸೆಪ್ಟೆಂಬರಿನ ಕೊನೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಭಾನುವಾರ ಉದ್ಘಾಟನೆ. ಶುಕ್ರವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ವೇದಿಕೆಯ ಗೋಡೆಯ ತುಂಬ ಹಾಲು ಚೆಲ್ಲಿದಂತೆ ಬಿಳಿ ಮಬ್ಬು. ಗಾಳಿಯಲ್ಲಿ ನೀರಿನಂಶ ಹೆಚ್ಚಿದ್ದರೆ ಒಣಗುವ ಪಾಲಿಶ್ ಹೀಗೆ ಬಿಳಿಚಿಕೊಳ್ಳುತ್ತದೆ. ಸ್ಪ್ರೇ ಮಾಡಿದವರು ಹಿಂದಿನ ಸಂಜೆಯೇ ಬೇರೆ ಊರಿಗೆ ಹೋಗಿಯಾಗಿತ್ತು. ಕಲಾಭವನ ಸಮಿತಿಯ ಕಾರ್ಯದರ್ಶಿಗಳು ನನ್ನ ಹಿಂದೆಯೇ ಬಂದರು.

"ಇದೆಂತ ಮೇಡಂ? ಗೋಡೆಗೆ ಬೂಸ್ಟು ಹಿಡಿದ ಹಾಗೆ ಕಾಣ್ತದಲ್ಲ! ನಾಡಿದ್ದು ಉದ್ಘಾಟನೆ ಉಂಟು, ನೆನಪುಂಟಲ್ಲ?"

ಪಡುಬಿದ್ರಿಯ ಒಬ್ಬ ಪಾಲಿಶಿನವರಿಗೆ ಫೋನ್ ಮಾಡಿದೆ. ಸೋಮವಾರ ಬರುತ್ತೇನೆ ಎಂದರು. ವೇದಿಕೆಯ ಹಿಂದೆ ಒಂದು ಪರದೆ ಇಳಿಬಿಟ್ಟು ಉದ್ಘಾಟನೆ ಮುಗಿಸಬಹುದಿತ್ತು. ಅದನ್ನು ಕಾರ್ಯದರ್ಶಿಗಳಿಗೆ ಹೇಳುವ ಧೈರ್ಯ ಬರಲಿಲ್ಲ. ಧೈರ್ಯದ ಮಾತೂ ಅಲ್ಲ, ಆ ಗೋಡೆ ಎಲ್ಲರಿಗೂ ಕಾಣಬೇಕೆಂಬ ಆಸೆ ನನಗಿತ್ತು.

ಜಗಲಿಗೆ ಹೋಗಿ ಅಕ್ಕನ ಪಕ್ಕ ಕುಳಿತೆ. "ಅಕ್ಕ, ಇವತ್ತು ಒಂದೇ ದಿನ. ಆ ಬಣ್ಣ ಹೊಂದಿಸಲಿಕ್ಕೆ ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ಬರುವುದಿಲ್ಲ."

ಅಕ್ಕ ಕೈಯಲ್ಲಿದ್ದ ಮರಳುಕಾಗದವನ್ನು ಕೆಳಗಿಟ್ಟರು. "ಬಾಗಿಲ ತೆರೆದಿಟ್ರ ನಡೀತೈತೇನ್ರಿ?"

"ತೆರೆದರೆ ಪುನಃ ಬಿಳಿ ಆಗ್ತದೆ ಅಕ್ಕ."

ಅವರು ಸೆರಗನ್ನು ಮೂಗಿಗೆ ಸುತ್ತಿ ಕಟ್ಟಿಕೊಂಡು ಎದ್ದರು. ನಾನು ಎಸಿ ಹಾಕಿ, ಬಾಗಿಲು ಮುಚ್ಚಿ, ಹೊರಗಿನ ತೇವ ಒಳಬಾರದೆಂದು ಸಂದಿಗೆಲ್ಲ ಟೇಪ್ ಅಂಟಿಸಿದೆ. ಹೊರಗಿನಿಂದ.

ಥಿನ್ನರಿನಲ್ಲಿ ನೆನೆಸಿದ ಬಟ್ಟೆಯಿಂದ ಇಡೀ ಗೋಡೆಯನ್ನು ಉಜ್ಜಿ ಬಿಳುಪು ತೆಗೆದು, ಮತ್ತೆ ಬಣ್ಣ ಕೊಡಬೇಕಿತ್ತು. ಮಧ್ಯಾಹ್ನ ಒಮ್ಮೆ ಅಕ್ಕ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. ಮೆಟ್ಟಿಲ ಪಕ್ಕ ಕುಳಿತು ವಾಂತಿ ಮಾಡಿದರು. ನಾನು ಎಳನೀರಿನ ಬೊಂಡ ತರಿಸಿಕೊಟ್ಟೆ. ಅರ್ಧ ಕುಡಿದು ಕೆಳಗಿಟ್ಟರು. ಆಗ ಸಾಕು ಅಕ್ಕ ಎನ್ನಬಹುದಿತ್ತು... ನಾನು ಕೇಳಿದ್ದು, "ಇನ್ನು ಎಷ್ಟು ಉಂಟು?"

"ಎರಡ ಹಲಗಿ," ಎಂದು ಹೇಳಿ ಒಳಗೆ ಹೋದರು.

ಭಾನುವಾರ ದೀಪ ಹಾಕಿದಾಗ ಜನ ಆ ಗೋಡೆ ನೋಡಿ ಆಹಾ ಎಂದರು. ನನಗೆ ಶಾಲು ಹೊದಿಸಿದರು. ಕೆಲಸದವರನ್ನು ಕರೆಯಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ನಾನೂ ನೆನಪಿಸಲಿಲ್ಲ.

ಬುಧವಾರ ಅಕ್ಕನ ಗಂಡ ಫೋನ್ ಮಾಡಿದ. "ಆಕಿ ಇನ್ನ ಕೆಲಸಕ್ಕ ಬರಂಗಿಲ್ರಿ." ಯಾಕೆ ಎಂದು ನಾನು ಕೇಳಲಿಲ್ಲ.

ಅವರ ಮನೆಗೆ ಹೋಗಲು ನನಗೆ ಎರಡು ವಾರ ಬೇಕಾಯಿತು. ಮಾರುಕಟ್ಟೆ ಯಾರ್ಡಿನ ಹಿಂದೆ, ಈರುಳ್ಳಿ ಲಾರಿಗಳು ನಿಲ್ಲುವ ಕಡೆ, ಸಾಲಾಗಿ ಕಟ್ಟಿದ ಕೋಣೆಗಳು. ಅಕ್ಕ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಬತ್ತಿಹೋಗಿತ್ತು. ನಾನು ತಂದ ಹಣ್ಣಿನ ಚೀಲವನ್ನು ಗಂಡ ತೆಗೆದುಕೊಂಡು ಮೂಲೆಯಲ್ಲಿಟ್ಟ.

"ಬಸುರು ಯಾಕ ಇಳೀತು ಅಂತ ಖರೇ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟ್ರು," ಎಂದ. "ದಿನಾ ಬಸ್ಸಿನ್ಯಾಗ ಅಡ್ಡಾಡಿದ್ದಕ್ಕೂ ಆಗಿರಬೌದು."

ಹೌದು, ಬಸ್ಸೇ ಇರಬೇಕು ಎಂದು ಮನಸ್ಸು ಒಳಗೊಳಗೇ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ನಾನು ಇವತ್ತಿಗೂ ನಾಚುತ್ತೇನೆ. ಅಷ್ಟರಲ್ಲಿ ಅವನು ಮತ್ತೆ ಹೇಳಿದ: "ಈಕೀನೂ ನಿಮ್ಮ ಮುಂದ ಬಾಯಿ ಬಿಡಲಿಲ್ಲ ನೋಡ್ರಿ. ಬಸುರಿ ಅಂತ ಗೊತ್ತಿದ್ರ ನೀವು ಆ ಕೆಲಸಕ್ಕ ಕರೀತಿದ್ದಿಲ್ಲ ಬಿಡ್ರಿ."

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಾನು ಏನು ಹೇಳುತ್ತೇನೆಂದು ಅವರು ಕಾಯುತ್ತಿದ್ದರು, ಅಷ್ಟೇ. ನಾನು ಏನೂ ಹೇಳಲಿಲ್ಲ. ಅವರೂ ನನ್ನನ್ನು ಹಿಡಿದುಕೊಡಲಿಲ್ಲ.

ಕೊನೆಗೆ ಅವರೇ ಕೇಳಿದರು. "ಗ್ವಾಡಿ ಚೆಂದ ಬಂತೇನ್ರಿ?"

"ಬಂತು ಅಕ್ಕ."

"ಹೂಂ," ಎಂದು ಆ ಕಡೆ ತಿರುಗಿ ಮಲಗಿಕೊಂಡರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದೇ.

ವರ್ಷದ ಮೇಲೆ ಮತ್ತೊಮ್ಮೆ ಹೋದಾಗ ಆ ಕೋಣೆಯಲ್ಲಿ ಬೇರೆ ಸಂಸಾರವಿತ್ತು. "ಅವರು ಗೋವಾಕ್ಕೆ ಹೋದರಂತೆ. ಊರಿಗೋ ಏನೋ, ನಮಗೆ ಸರಿ ಗೊತ್ತಿಲ್ಲ," ಎಂದರು ಪಕ್ಕದ ಮನೆಯವರು. ಅಕ್ಕನ ಫೋನ್ ನಂಬರಿಗೆ ಈಗ ಬೇರೆ ಯಾರೋ ಉತ್ತರಿಸುತ್ತಾರೆ.

ಕಟ್ಟಡದ ಕೆಲಸ ಬಿಟ್ಟು ಎಂಟು ವರ್ಷವಾಯಿತು. ಈಗ ಮಣಿಪಾಲದಲ್ಲಿ ಕುಳಿತು ನಕ್ಷೆ ಮಾತ್ರ ಬರೆಯುತ್ತೇನೆ. ಸೊಂಟದ ನೋವೆಂದು ಮನೆಯಲ್ಲಿ ಹೇಳಿದ್ದೇನೆ. ನನಗೆ ಇಬ್ಬರು ಮಕ್ಕಳಿದ್ದಾರೆ. ಅಕ್ಕನಿಗೆ ಆಮೇಲೆ ಮಕ್ಕಳಾದವೋ ಇಲ್ಲವೋ ತಿಳಿಯದು. ಆದವು ಎಂದುಕೊಳ್ಳಲು ನನಗೆ ಹಕ್ಕಿಲ್ಲ.

ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ, ಅವರ ಗಂಡನ ಎದುರು, ಹೇಳಬೇಕಾಗಿದ್ದದ್ದು ಇಷ್ಟೇ ಮಾತು. ಇಲ್ಲಿ ಬರೆದಿದ್ದೇನೆ. ಅಕ್ಕನಿಗೆ ಕನ್ನಡ ಓದಲು ಬರುತ್ತಿತ್ತೋ ಇಲ್ಲವೋ, ಅದನ್ನೂ ನಾನು ಒಮ್ಮೆಯೂ ಕೇಳಿರಲಿಲ್ಲ.