ಬೆನ್ನು ತಿರುಗಿಸಿದ ಮರದ ಹಕ್ಕಿಗಳು

ಹಕ್ಕಿಯಕ್ಕನನ್ನು ಮೊದಲ ಸಲ ಕಂಡಾಗ ನಾನು ಅವಳನ್ನು ಗೊಂಬೆ ಅಂದುಕೊಂಡಿದ್ದೆ.

ಸಮುದ್ರದಂಚಿನ ಆ ಎಸ್ಟೇಟಿನಲ್ಲಿ ವಸಂತ ಬಂತೆಂದರೆ ಭಾನುವಾರದ ಬೆಳಗ್ಗೆ ಹಕ್ಕಿ ನೋಡುವ ನಡಿಗೆ ಇರುತ್ತದೆ. ಕತ್ತಿಗೆ ದುರ್ಬೀನು ನೇತುಹಾಕಿಕೊಂಡ ನಾವೆಲ್ಲ ಜೌಗಿನ ಮೇಲೆ ಹಾಸಿದ ಹಲಗೆಯ ದಾರಿಯಲ್ಲಿ ಕಳ್ಳಬೆಕ್ಕುಗಳ ಹಾಗೆ ನಡೆದು, ಕೊನೆಗೊಂದು ಮರದ ಗುಡಿಸಲು ಹೊಕ್ಕು, ಅದರ ಕಿಂಡಿಗಳಿಗೆ ಮೂಗು ತೂರಿಸಿ ನಿಂತಿದ್ದೆವು. ಎದುರಿಗೆ ಮರಳಿನ ದಿಬ್ಬ. ಅದರ ಮೇಲೆ ಬಿಳಿ ಮೈಯ, ಕರಿ ನೆತ್ತಿಯ ಮರದ ಹಕ್ಕಿಗಳು. ನಡುವೆ ಮೊಣಕಾಲು ಮಡಚಿ ಕೂತ ಹೆಂಗಸಿನ ಆಕೃತಿ. "ಹಕ್ಕಿಗಳೇನೋ ಪರವಾಗಿಲ್ಲ, ಆ ಹೆಂಗಸನ್ನ ಮಾತ್ರ ಸರಿಯಾಗಿ ಮಾಡಿಲ್ಲ. ಕುತ್ತಿಗೆ ತೀರಾ ಗಿಡ್ಡ" ಎಂದು ಪಕ್ಕದವರ ಕಿವಿಯಲ್ಲಿ ತೀರ್ಪು ಕೊಟ್ಟೆ. ಅವರೂ ಗಂಭೀರವಾಗಿ ತಲೆಯಾಡಿಸಿದರು. ಅಷ್ಟರಲ್ಲಿ ಗೊಂಬೆ ಸೊಂಟ ಹಿಡಿದುಕೊಂಡು ಎದ್ದು, ಬಾಯ್ತುಂಬ ಆಕಳಿಸಿ, ಬಣ್ಣದ ಡಬ್ಬಿ ಎತ್ತಿಕೊಂಡು ನಡೆದುಬಿಟ್ಟಿತು. ಕುತ್ತಿಗೆ ನಿಜಕ್ಕೂ ಗಿಡ್ಡವೇ ಇತ್ತು. ಆದರೆ ಅದನ್ನು ಮಾಡಿದವನನ್ನು ಟೀಕಿಸುವುದು ನನ್ನ ಕೈಲಾಗುವ ಕೆಲಸವಾಗಿರಲಿಲ್ಲ.

ಹಕ್ಕಿಯಕ್ಕ ಬಡಗಿಯ ಮಗಳು. ಅಣ್ಣತಮ್ಮಂದಿರಿಲ್ಲದ ಮನೆಯಲ್ಲಿ ಉಳಿ ಸುತ್ತಿಗೆ ತಾನಾಗಿ ಅವಳ ಕೈಗೆ ಬಂದಿತ್ತು. ಎಸ್ಟೇಟಿನ ದೋಣಿಯವನನ್ನು ಮದುವೆಯಾಗಿ ಬಂದಮೇಲೆ ದೋಣಿಮನೆಯ ಹಿಂಭಾಗದ ಕೋಣೆಯೇ ಅವಳ ಸಂಸಾರ. ಕೆಳಗೆ ಉಬ್ಬರದ ನೀರು ಹಲಗೆಗೆ ತಟ್ಟುತ್ತದೆ. ಒಳಗೆ ಡಾಂಬರು, ಬಣ್ಣ, ಹಸಿಮರದ ಪುಡಿಯ ವಾಸನೆ. ಗೋಡೆಯುದ್ದಕ್ಕೂ ಅಟ್ಟಣಿಗೆ, ಅದರ ತುಂಬ ಸಾಲಾಗಿ ಕೂತು, ಮಲಗುವ ಮಂಚವನ್ನೇ ದಿಟ್ಟಿಸುವ ಹಕ್ಕಿಗಳು. "ಮದುವೆಯಾದ ಹೊಸತರಲ್ಲೂ ನಮಗೆ ಏಕಾಂತ ಅನ್ನೋದು ಇರಲಿಲ್ಲ" ಎಂದು ದೋಣಿಯವನು ಬಂದವರಿಗೆಲ್ಲ ಹೇಳಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

ಮರದ ಹಕ್ಕಿಗಳು ಯಾಕೆಂದರೆ, ದಿಬ್ಬಕ್ಕೆ ಬರಬೇಕಾದ ಸೀಳುಬಾಲದ ಕಡಲಹಕ್ಕಿಗಳ ಸ್ವಭಾವ ಹಾಗೆ. ಖಾಲಿ ದಿಬ್ಬ ಎಷ್ಟೇ ಸೊಗಸಾಗಿರಲಿ, ಅವು ಇಳಿಯುವುದಿಲ್ಲ. ತಮ್ಮವರು ನಾಲ್ಕು ಜನ ಮೊದಲೇ ಕೂತಿದ್ದರೆ ಮಾತ್ರ ಇಳಿದು ಮೊಟ್ಟೆಯಿಡುತ್ತವೆ. ಖಾಲಿ ಹೋಟೆಲಿಗೆ ನಾವೂ ಕಾಲಿಡುವುದಿಲ್ಲವಲ್ಲ, ಹಾಗೆಯೇ. ಅದಕ್ಕೇ ಈ ಮರದ ನೆಂಟರು. ಜೊತೆಗೊಂದು ಪೆಟ್ಟಿಗೆ. ನೂರಾರು ಹಕ್ಕಿಗಳು ಒಟ್ಟಿಗೆ ಕಿರಿಚುವ ಸದ್ದನ್ನು ತುಂಬಿಕೊಂಡ ಅದು ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ಅರಚುತ್ತಿತ್ತು. ಮಂಜು ಮುಸುಕಿದ ಬೆಳಗಿನಲ್ಲಿ, ರೆಕ್ಕೆಯೊಂದೂ ಅಲ್ಲಾಡದ ದಿಬ್ಬದಿಂದ ಆ ಗಲಾಟೆ ಕೇಳಿದರೆ ಹೊಸಬರ ಮೈಯಲ್ಲಿ ಮುಳ್ಳೇಳುತ್ತಿತ್ತು. ಹಕ್ಕಿಯಕ್ಕನಿಗೆ ಅದು ನೆರೆಮನೆಯ ಜಗಳದಷ್ಟೇ ರೂಢಿ.

ಅವಳಿಗಿದ್ದ ಒಂದೇ ಜಂಬ ಮುಖಗಳದ್ದು. ಹಕ್ಕಿಗೆಂಥ ಮುಖ ಎಂದು ಕೇಳಬೇಡಿ. ಒಂದಕ್ಕೆ ಸತ್ತುಹೋದ ಅತ್ತೆಯ ಓರೆನೋಟ, ಇನ್ನೊಂದಕ್ಕೆ ನಾದಿನಿಯ ಸೊಟ್ಟಮೂತಿ, ಮತ್ತೊಂದಕ್ಕೆ ಊಟ ಸಾಲದೆಂದು ಮುನಿದ ಗಂಡನದೇ ಕಣ್ಣು. ಸತ್ತವರು, ಇರುವವರು ಎಲ್ಲರೂ ಅಲ್ಲಿದ್ದರು. ಅದಕ್ಕೇ ಪ್ರತಿ ವಸಂತದಲ್ಲೂ ಅಷ್ಟೂ ಹಕ್ಕಿಗಳನ್ನು ಕಬ್ಬಿಣದ ಸರಳಿಗೆ ಸಿಕ್ಕಿಸಿ, ಗುಡಿಸಲಿನ ಕಡೆಗೇ ಮುಖ ಮಾಡಿ ನಿಲ್ಲಿಸುತ್ತಿದ್ದಳು. ಬಂದ ಜನ ನೋಡಲಿ ಎಂದು.

ಎಸ್ಟೇಟಿನ ಮೇನೇಜರಿಗೂ ಅದೇ ಇಷ್ಟ. ಈ ಮೇನೇಜರು ಜೇಬುಗಳಿಂದಲೇ ಹೊಲಿದಂಥ ಅಂಗಿ ತೊಡುತ್ತಿದ್ದರು. ಯಾವ ಜೇಬಿನಲ್ಲೂ ಏನೂ ಇರುತ್ತಿರಲಿಲ್ಲ. ಸೂರ್ಯ ಹುಟ್ಟಿದರೆ ತಾವು ಅನುಮತಿ ಕೊಟ್ಟದ್ದರಿಂದಲೇ ಎಂಬ ಮುಖಭಾವ. ಆ ವರ್ಷ ಚಳಿ ಮುಗಿಯುವಾಗ ದೋಣಿಮನೆಗೆ ಬಂದು, ಕೂರದೆ, ನಿಂತೇ ಹೇಳಿದರು.

"ನೋಡಮ್ಮ, ಹಕ್ಕಿ ಇಳಿದು ವರ್ಷಗಳಾಗಿವೆ. ಈ ವಸಂತದಲ್ಲೂ ದಿಬ್ಬದ ಮೇಲೆ ಮೊಟ್ಟೆ ಕಾಣದಿದ್ದರೆ ನಡಿಗೆಗಿಡಿಗೆ ಎಲ್ಲ ಬಂದ್. ದಿಬ್ಬ, ದೋಣಿಮನೆ ಎರಡನ್ನೂ ಮೋಜಿನ ದೋಣಿ ಓಡಿಸೋರಿಗೆ ಕೊಡ್ತಾರಂತೆ ಯಜಮಾನರು."

"ದೋಣಿಮನೆ ಕೊಟ್ರೆ ನಾವು ಎಲ್ಲಿಗೆ ಹೋಗೋಣ ಸಾರ್?"

"ಅದು ನನ್ನ ವ್ಯಾಪ್ತಿಗೆ ಬರಲ್ಲ" ಎಂದರು ಮೇನೇಜರು. ಸೂರ್ಯ ಅವರ ವ್ಯಾಪ್ತಿಗೆ ಬರುತ್ತಿದ್ದ.

ಅವಳು ಹಕ್ಕಿಗಳಿಗೆ ಹೊಸ ಬಣ್ಣ ಬಳಿದು, ಕಣ್ಣು ತಿದ್ದಿ, ಯಾವತ್ತಿಗಿಂತ ಅಚ್ಚುಕಟ್ಟಾಗಿ ಗುಡಿಸಲಿಗೆ ಮುಖ ಮಾಡಿ ನಿಲ್ಲಿಸಿ ಬಂದಳು. ಮರುದಿನ ಬೆಳಗ್ಗೆ ಗಂಡನ ದೋಣಿಯಲ್ಲಿ ಹೋಗಿ ನೋಡುತ್ತಾಳೆ, ಎಲ್ಲವೂ ಕಡಲಿಗೆ ಮುಖ ಮಾಡಿ ನಿಂತಿದ್ದವು.

"ರೀ, ಈ ವಯಸ್ಸಲ್ಲಿ ಇದೆಂಥ ಹುಡುಗಾಟ?"

"ನಾನು ತಿರುಗಿಸೋದು ಮಗ್ಗುಲು ಮಾತ್ರ ಕಣೇ. ಅದಕ್ಕೂ ನಿನ್ನ ಒಪ್ಪಿಗೆ ಬೇಕು."

ಅವಳು ನಗಲಿಲ್ಲ. ಮರಳಿನ ಮೇಲೆ ಹೆಜ್ಜೆಯ ಗುರುತಿರಲಿಲ್ಲ. ಒಂದೊಂದು ಹಕ್ಕಿಯ ಬೆನ್ನ ಮೇಲೂ ಇಬ್ಬನಿ ಸಣ್ಣ ಮಣಿಗಳಾಗಿ, ಯಾರೂ ಮುಟ್ಟದ ಹಾಗೆ ಕೂತಿತ್ತು. ಗಾಳಿಗೆ ತಿರುಗಿರಬೇಕು ಎಂದುಕೊಂಡಳು. ಆದರೆ ಹಿಂದಿನ ಸಂಜೆಯಿಂದ ದೀಪದ ಕುಡಿ ಅಲುಗುವಷ್ಟೂ ಗಾಳಿ ಇರಲಿಲ್ಲ. ಎಲ್ಲವನ್ನೂ ಮತ್ತೆ ಗುಡಿಸಲಿನ ಕಡೆ ತಿರುಗಿಸಿ ಬಂದಳು. ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಎದ್ದಿತು.

ಇನ್ನೊಂದು ಬೆಳಗ್ಗೆ ಅವು ಹೊಳೆ ಕಡಲು ಸೇರುವ ಅಳಿವೆಯ ಕಡೆ ನೋಡುತ್ತಿದ್ದವು. ಮಧ್ಯಾಹ್ನದ ಗಾಳಿ ಅಳಿವೆಯಿಂದಲೇ ಬಂತು. ಅಂದು ದೋಣಿಯವನ ತಮಾಷೆ ನಿಂತಿತು. ಹುಟ್ಟು ಹಾಕುವುದನ್ನು ಬಿಟ್ಟು ಕೇಳಿದ:

"ಗಾಳಿಗೆ ತಿರುಗಿದ್ರೆ ಸರಿ ಕಣೇ, ಅದು ಮರದ ಧರ್ಮ. ಗಾಳಿಗಿಂತ ಮುಂಚೆ ತಿರುಗಿದ್ರೆ?"

"ಸುಮ್ನೆ ಹುಟ್ಟು ಹಾಕ್ರೀ."

"ಅವು ಬರೋದನ್ನ ನೋಡ್ತಾವೆ. ಏನು ಬರ್ತಿದೆಯೋ ಆ ಕಡೆ ಮುಖ ಮಾಡ್ತಾವೆ."

"ಹಾಕಿ ಅಂದ್ನಲ್ಲ!"

ಹೆದರಿದ ಹೆಂಗಸು ಸುತ್ತಿಗೆ ಹಿಡಿದರೆ ಕೆಲಸ ಗಟ್ಟಿಯಾಗುತ್ತದೆ. ಒಂದೊಂದು ಸರಳಿನ ಬುಡಕ್ಕೂ ಅಡ್ಡಹಲಗೆ ಜೋಡಿಸಿ ಮರಳಿನಲ್ಲಿ ಹೂತಳು. ಸರಳಿಗೆ ತೂತು ಕೊರೆದು, ಹಕ್ಕಿಯ ಹೊಟ್ಟೆಯಿಂದ ಅದರೊಳಕ್ಕೂ ಮೊಳೆ ಬಡಿದಳು. ಇನ್ನು ಬಿರುಗಾಳಿ ಬಂದರೂ ಕದಲುವಂತಿರಲಿಲ್ಲ. ಬೆಳಗಾಗುವಾಗ ಅವು ಮತ್ತೆ ಕಡಲ ಕಡೆ ನೋಡುತ್ತಿದ್ದವು. ಅವಳು ಅತ್ತೆಯ ಓರೆನೋಟದ ಹಕ್ಕಿಯ ಬುಡ ತೋಡಿದಳು. ಹಲಗೆ ಹೂತಲ್ಲೇ, ಹೂತ ದಿಕ್ಕಿಗೇ ಇತ್ತು. ಮೊಳೆ ಒಂದಿಷ್ಟೂ ಬಾಗಿರಲಿಲ್ಲ. ಮೇಲೆ ಹಕ್ಕಿ ಮಾತ್ರ ಬೆನ್ನು ಹಾಕಿ ನಿಂತಿತ್ತು.

"ಬದುಕಿದ್ದಾಗಲೂ ನಿಮ್ಮಮ್ಮ ನನಗೆ ಹೀಗೇ ಬೆನ್ನು ತಿರುಗಿಸ್ತಿದ್ರು" ಎಂದಳು. ಮಾತು ತಮಾಷೆಯದು, ದನಿ ಹಾಗಿರಲಿಲ್ಲ.

"ಎಲ್ಲವನ್ನೂ ಕಿತ್ತು ಮನೆಗೆ ಒಯ್ಯೋಣ" ಎಂದ ದೋಣಿಯವನು.

"ಮನೆಗಾ? ಇವುಗಳ ಜೊತೆ ಒಂದೇ ಕೋಣೇಲಿ ಮಲಗ್ತೀರಾ?"

ಕಿತ್ತರೆ ಹಕ್ಕಿ ಇಳಿಯುವ ಆಸೆಯೂ ಹೋಯಿತು, ಆ ಮನೆಯೂ ಹೋಯಿತು. ಅವಳು ಮರಳ ಮೇಲೆ ಕೂತಳು. ದೂರದ ಗೂಟಗಳ ಮೇಲೆ ನಿಜವಾದ ಕಡಲಕಾಗೆಗಳು ಕೂತಿದ್ದವು. ಗಾಳಿ ಸಣ್ಣಗೆ ಶುರುವಾಗಿತ್ತು. ಒಂದೂ ತಪ್ಪದೆ ಎಲ್ಲ ಗಾಳಿಗೆ ಎದುರಾಗಿ ಕೂತಿದ್ದವು. ಹಾಗೆ ಕೂರದಿದ್ದರೆ ಪುಕ್ಕ ಕೆದರಿ ಕೊಡೆ ಮಗುಚಿದಂತಾಗುತ್ತದೆ. ಹಕ್ಕಿಗಳ ನಡುವೆಯೇ ಬದುಕಿದ ಅವಳ ಕಣ್ಣಿಗೆ ಇದು ಬಿದ್ದೂ ಬಿದ್ದಿರಲಿಲ್ಲ. ಮೇಲೆ ಹಾರುವ ಹಕ್ಕಿ ಕೆಳಗೆ ನೋಡಿದಾಗ ಏನು ಕಂಡಿರಬೇಕು? ಗಾಳಿ ಎತ್ತ ಬೀಸಿದರೂ ಪರಿವೆಯಿಲ್ಲದೆ ಒಂದೇ ಗುಡಿಸಲನ್ನು ದಿಟ್ಟಿಸುವ ತನ್ನವರು. ಬದುಕಿರುವವು ಹಾಗೆ ಕೂರುವುದಿಲ್ಲ. ಹೆಣಗಳ ಸಂತೆಗೆ ಯಾರು ಇಳಿಯುತ್ತಾರೆ?

"ಇಷ್ಟು ವರ್ಷ ನಾನೇ ಓಡಿಸಿದೆ ಕಣ್ರೀ" ಎಂದಳು. "ಮುಖ ಚೆನ್ನಾಗಿ ಬಂದಿದೆ, ಜನ ನೋಡ್ಲಿ ಅಂತ."

"ಮುಖ ಚೆನ್ನಾಗೇ ಬಂದಿದೆ" ಎಂದ ಗಂಡ. ಅದು ಸಮಾಧಾನವೋ ದೂರೋ ಅವನಿಗೇ ಗೊತ್ತಿರಲಿಲ್ಲ.

ಅಂದಿನಿಂದ ಅವಳು ಹಕ್ಕಿಗಳನ್ನು ಮುಟ್ಟಲಿಲ್ಲ. ತಿರುಗಿಸುತ್ತಿದ್ದದ್ದು ಏನು ಎಂದು ಕೇಳಿಕೊಳ್ಳಲೂ ಇಲ್ಲ. ನೀರಿಗಿಳಿದವರು ಆಳ ಕೇಳಬಾರದು ಎಂದುಕೊಂಡಳು. ಬೆಳಗ್ಗೆ ದೋಣಿ ದಿಬ್ಬಕ್ಕೆ ತಾಗಿದಾಗ ಮಾತ್ರ ತಲೆ ತಗ್ಗಿಸಿರುತ್ತಿದ್ದಳು. ಮೊದಲು ಗಂಡ ನೋಡಿ "ಕಡಲ ಕಡೆ" ಎಂದೋ "ಅಳಿವೆ ಕಡೆ" ಎಂದೋ ಹೇಳಬೇಕು, ಆಮೇಲೆ ಅವಳು ತಲೆ ಎತ್ತಬೇಕು.

ನಡಿಗೆಯ ಭಾನುವಾರ ಬಂತು. ದಟ್ಟ ಮಂಜು, ಎಲೆಯೂ ಅಲುಗದಷ್ಟು ಸ್ತಬ್ಧ ಗಾಳಿ. ಗುಡಿಸಲಿನ ಕಿಂಡಿಗಳ ತುಂಬ ಪೇಟೆಯ ಮೂಗುಗಳು. ಮೇನೇಜರು ಪ್ರಕೃತಿಯ ಬಗ್ಗೆ ಒಂದು ಭಾಷಣ ಮುಗಿಸಿ, ಕಿಂಡಿಯಲ್ಲಿ ನೋಡಿ, ಹಕ್ಕಿಯಕ್ಕನನ್ನು ಹೊರಗೆ ಕರೆದರು.

"ಏನಮ್ಮ ಇದು? ದುಡ್ಡು ಕೊಟ್ಟು ಬಂದವರಿಗೆ ಬೆನ್ನು ತೋರಿಸೋದಾ? ಹೋಗಿ ತಿರುಗಿಸು."

"ನಾನು ತಿರುಗಿಸಲ್ಲ ಸಾರ್."

"ಮನೆ ಖಾಲಿ ಮಾಡೋ ಆಸೆ ಇದೆಯಾ?"

"ಇಲ್ಲ ಸಾರ್. ಅದಕ್ಕೇ ತಿರುಗಿಸಲ್ಲ."

"ಹಾಗಾದ್ರೆ ಮೊದಲು ಆ ಪೆಟ್ಟಿಗೆ ಬಾಯಿ ಮುಚ್ಚಿಸು. ನನ್ನ ಮಾತು ನನಗೇ ಕೇಳಿಸ್ತಿಲ್ಲ."

ಹಕ್ಕಿಯಕ್ಕ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದಳು. ಗಂಡ ಅವಳ ಮುಖ ನೋಡಿದ.

"ಪೆಟ್ಟಿಗೆ ಮನೇಲಿದೆ ಸಾರ್. ನಿನ್ನೆ ಕೆಟ್ಟು ಕೂತಿದೆ" ಎಂದಳು.

ಮಂಜಿನೊಳಗೆ, ಎಲ್ಲೋ ಮೇಲೆಯೋ ಕೆಳಗೆಯೋ ತಿಳಿಯದ ಹಾಗೆ, ನೂರಾರು ದನಿಗಳು ಕಿರಿಚುತ್ತಲೇ ಇದ್ದವು. ಮೇನೇಜರಿಗೆ ಹಿಂದೆ ಸರಿಯಬೇಕೆನಿಸಿರಬೇಕು. ಆದರೆ ಕಿಂಡಿಗಳಿಂದ ಅಷ್ಟು ಜನ ನೋಡುತ್ತಿದ್ದರು. ದೊಡ್ಡಸ್ತಿಕೆ ಎಂಬುದು ಎಂಥ ಹೇಡಿಯನ್ನೂ ಒಂದು ಹೊತ್ತು ಧೈರ್ಯವಂತನನ್ನಾಗಿ ಮಾಡಿಬಿಡುತ್ತದೆ. ಇಳಿತದ ಸಮಯ, ಮೊಣಕಾಲುದ್ದ ನೀರು. ಅವರು ದಾಟಿ ದಿಬ್ಬ ಹತ್ತಿ, ಕೈಗೆ ಸಿಕ್ಕ ಮೊದಲ ಹಕ್ಕಿಯನ್ನು ಹಿಡಿದರು. ಅದು ಅತ್ತೆಯ ಓರೆನೋಟದ್ದು.

ಹಿಡಿದವರು ಹಾಗೇ ನಿಂತರು. ತಿರುಗಿಸಲಿಲ್ಲ. ನಿಧಾನವಾಗಿ ಒಂದೊಂದೇ ಬೆರಳು ಬಿಡಿಸಿಕೊಂಡು, ಬೆನ್ನು ಕೊಡದೆ ಹಿಮ್ಮುಖವಾಗಿ ನಡೆಯುತ್ತ ನೀರಿಗಿಳಿದು, ಒದ್ದೆ ಮುದ್ದೆಯಾಗಿ ಅವಳ ಪಕ್ಕ ಬಂದು ನಿಂತರು. ಅಂಗೈಯನ್ನು ಒಂದು ಜೇಬಿಗೆ ಒರೆಸಿದರು, ಮತ್ತೊಂದು ಜೇಬಿಗೆ ಒರೆಸಿದರು.

"ಬೆಚ್ಚಗಿದೆ" ಎಂದರು.

"ಬಿಸಿಲಿಗೆ ಇರಬೇಕು ಸಾರ್" ಎಂದಳು ಹಕ್ಕಿಯಕ್ಕ. ಬಿಸಿಲು ಆ ಬೆಳಗ್ಗೆ ಎಲ್ಲೂ ಇರಲಿಲ್ಲ.

ಆಗ ಕಡಲ ಕಡೆಯಿಂದ ಗಾಳಿ ಬಂತು. ಮಂಜು ಹರಿದು, ಅದರ ಸೀಳಿನಿಂದ ಸೀಳುಬಾಲಗಳು ಇಳಿಯತೊಡಗಿದವು. ಒಂದು, ಇನ್ನೊಂದು, ಆಮೇಲೆ ಲೆಕ್ಕವಿಲ್ಲದಷ್ಟು. ಇಳಿದವೆಲ್ಲ ಗಾಳಿಗೆ ಮುಖ ಕೊಟ್ಟು, ಮರದವುಗಳ ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿ ಕೂತವು. ಗುಡಿಸಲಿನಲ್ಲಿ ಚಪ್ಪಾಳೆ ಬಿತ್ತು. ಹಕ್ಕಿಯಕ್ಕ ಚಪ್ಪಾಳೆ ತಟ್ಟಲಿಲ್ಲ. ತಾನು ಕೆತ್ತಿದವು ಯಾವುವು ಎಂದು ಹುಡುಕುತ್ತಿದ್ದಳು. ಪ್ರತಿಯೊಂದು ಮುಖವನ್ನೂ ಬಲ್ಲವಳಿಗೆ ಈಗ ಕಾಣುತ್ತಿದ್ದದ್ದು ಬೆನ್ನುಗಳು ಮಾತ್ರ. ಬೆನ್ನುಗಳೆಲ್ಲ ಒಂದೇ ಥರ ಇದ್ದವು, ಎಲ್ಲವೂ ಉಸಿರಾಡುತ್ತಿರುವ ಹಾಗೆ ಕಂಡವು.

ಮೊಟ್ಟೆಗಳಾದವು, ಮರಿಗಳಾದವು. ಮೋಜಿನ ದೋಣಿಯವರು ಬೇರೆ ದಿಬ್ಬ ನೋಡಿಕೊಂಡರು. ಯಜಮಾನರು ಮೇನೇಜರಿಗೆ ಶಾಲು ಹೊದಿಸಿದರು. ಅವರು ಅದನ್ನು ಅಂಗೈಗೆ ಸೋಕಿಸದೆ ಹೆಗಲ ಮೇಲೇ ಇಟ್ಟುಕೊಂಡರಂತೆ. ದಿಬ್ಬಕ್ಕೆ ಮತ್ತೆ ಕಾಲಿಡಲಿಲ್ಲ. ದೋಣಿಮನೆ ದೋಣಿಮನೆಯಾಗಿಯೇ ಉಳಿಯಿತು. ಅಟ್ಟಣಿಗೆ ಮಾತ್ರ ಖಾಲಿ. ಕಾಲ ಮುಗಿದ ಮೇಲೆ ಹಕ್ಕಿಗಳನ್ನು ಮನೆಗೆ ತರುವುದನ್ನು ಅವಳು ಬಿಟ್ಟಿದ್ದಾಳೆ. ಕಾಲ ಮುಗಿದು ನಿಜವಾದವೆಲ್ಲ ಹಾರಿಹೋದ ಮೇಲೂ ಮರದವು ಅಲ್ಲೇ ನಿಂತು ತಮಗೆ ಬೇಕಾದ ಕಡೆ ನೋಡುತ್ತಿರುತ್ತವೆ.

ಮೊನ್ನೆಯ ವಸಂತದ ನಡಿಗೆಯಲ್ಲಿ ಮೊಳದುದ್ದದ ಕ್ಯಾಮೆರಾ ಹೊತ್ತ ಮಹನೀಯರೊಬ್ಬರಿದ್ದರು. ಗುಡಿಸಲಿನಲ್ಲಿ ಬಹಳ ಹೊತ್ತು ಕಾದರು. ಬರಿಯ ಬೆನ್ನು, ಬರಿಯ ಬಾಲ. ಕೊನೆಗೆ ಬೇಸತ್ತು ಹಕ್ಕಿಯಕ್ಕನನ್ನು ಕೇಳಿದರು:

"ಅಲ್ಲಮ್ಮಾ, ಇವು ಈ ಕಡೆ ಮುಖ ಮಾಡೋದು ಯಾವತ್ತು ಅಂತ ಹೇಳ್ತೀರಾ? ಅವತ್ತೇ ಬರ್ತೀನಿ, ಒಂದು ಒಳ್ಳೇ ಫೋಟೋ ಸಿಗುತ್ತೆ."

"ಅವು ಈ ಕಡೆ ಮುಖ ಮಾಡಿದ ದಿನ" ಎಂದಳು ಹಕ್ಕಿಯಕ್ಕ, "ನೀವು ಇಲ್ಲಿ ಇರಬೇಡಿ. ನಾನಂತೂ ಇರಲ್ಲ."