ಆಲೂರಿನಲ್ಲಿ ಇಳಿಯದ ಬಸವರಾಜು

ಪಕ್ಕದ ಮನೆಯವರು ಹೋದ ವಾರ ಎರಡು ದಿನ ಸುಣ್ಣ ಹೊಡೆಸಿದರು. ಈ ಕಾಲದಲ್ಲಿ ಯಾರು ಸುಣ್ಣ ಹೊಡೆಸುತ್ತಾರೆ ಅನ್ನಬೇಡಿ. ಡಿಸ್ಟೆಂಪರ್ ಬಳಿದರೆ ಗೋಡೆಗೆ ಉಸಿರು ಕಟ್ಟುತ್ತದೆ ಎಂದು ನಂಬಿದ ಹಟಮಾರಿಗಳು ಹಾಸನದಲ್ಲಿ ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ. ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿದಾಗ ಬುಸುಗುಟ್ಟಿಕೊಂಡು ಏಳುವ ವಾಸನೆ ಇದೆಯಲ್ಲ, ಅದು ಕಾಂಪೌಂಡು ದಾಟಿ ನನ್ನ ಕಾಫಿ ಲೋಟದ ತನಕ ಬಂತು. ಮನೆಯಾಕೆ ಕಿಟಕಿ ಮುಚ್ಚಿದಳು. ನಾನು ತೆಗೆದೆ. ಅವಳು ಮತ್ತೆ ಮುಚ್ಚಿದಳು. ಕೊನೆಗೆ ನಾನೇ ಲೋಟ ಹಿಡಿದು ಹೊರಗೆ ಹೋಗಿ ನಿಂತೆ. ಹನ್ನೆರಡು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತು ಆ ವಾಸನೆಗೆ ನೆನಪಾಯಿತು.

ನಾನು ಕ್ರಿಶ್ಚಿಯನ್ನರ ಮಿಷನ್ ಟ್ರಿಪ್ಪಿಗೆ ಹೋಗಿದ್ದೆ ಎಂದರೆ ಈಗಲೂ ಜನ ಹುಬ್ಬು ಏರಿಸುತ್ತಾರೆ. ಹೋಗಿದ್ದಕ್ಕೆ ಭಕ್ತಿಯಾಗಲಿ ಸೇವಾಭಾವವಾಗಲಿ ಕಾರಣವಲ್ಲ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ, ಪುಕ್ಕಟೆಯಾಗಿ ದೇಶ ನೋಡುವ ಆಸೆಯಿತ್ತು. ಗೆಳೆಯ ಫೆಲಿಕ್ಸ್ ಹೆತ್ತೂರು ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗ. ಅವರ ಚರ್ಚಿನ ಹುಡುಗರು ಒರಿಸ್ಸಾದ ಕುಷ್ಠರೋಗಿಗಳ ಆಶ್ರಮವೊಂದಕ್ಕೆ ಹೋಗಿ ಸುಣ್ಣ ಬಳಿದು, ಹೆಂಚು ಸರಿಮಾಡಿ ಬರುವುದೆಂದು ತೀರ್ಮಾನವಾಗಿತ್ತು. ಹೊರಡಲು ವಾರವಿದ್ದಾಗ ಇಬ್ಬರಿಗೆ ಕಾಮಾಲೆ ಹಿಡಿಯಿತು. ಟಿಕೆಟ್ಟು ಆಗಿಹೋಗಿತ್ತು. ಕೈ ಗಟ್ಟಿ ಇರುವ ಯಾರಾದರೂ ಸರಿ ಎಂದರು ಪಾದ್ರಿಗಳು. ಹಾಗೆ ನಾನೂ ನಮ್ಮ ಗೆಳೆಯ ಬಸವರಾಜುವೂ ಸೇರಿಕೊಂಡೆವು.

ಬಸವರಾಜು ಆಲೂರಿನ ದಿನಸಿ ಅಂಗಡಿಯವರ ಮಗ, ಲಿಂಗಾಯತರ ಹುಡುಗ. ಮೂರು ಹೊತ್ತೂ ಹಣೆಯ ಮೇಲೆ ವಿಭೂತಿ. ರೈಲಿನ ಚಾರ್ಟಿನಲ್ಲಿ ಮಾತ್ರ ಅವನು ಜೋಸೆಫ್, ನಾನು ಆಂಟನಿ. ಟಿಕೆಟ್ ನೋಡುವವನು "ಜೋಸೆಫ್?" ಎಂದಾಗ ಮೂರು ಪಟ್ಟೆ ವಿಭೂತಿಯ ಹಣೆ ಮೇಲಿನ ಬರ್ತಿನಿಂದ ಇಣುಕಿ "ಯೆಸ್ ಸರ್" ಅನ್ನುತ್ತಿತ್ತು. ಆ ಮನುಷ್ಯ ಒಮ್ಮೆ ಹಣೆ ನೋಡಿ, ಒಮ್ಮೆ ಚಾರ್ಟು ನೋಡಿ, ನಮ್ಮ ದೇಶದಲ್ಲಿ ಇದೆಲ್ಲ ಇದ್ದದ್ದೇ ಎನ್ನುವ ಹಾಗೆ ಮುಂದೆ ಹೋದ.

ಅವನ ತಾಯಿ ಕಳಿಸಿಕೊಟ್ಟದ್ದು ಒಂದೇ ಒಂದು ಕರಾರಿನ ಮೇಲೆ. ಅಂಗಡಿಯ ಬಾಗಿಲಲ್ಲಿ ನಿಂತು, ನನ್ನ ಎದುರಿಗೇ ಹೇಳಿದ್ದರು: "ಯಾರ ಜೊತೀಗಾದ್ರೂ ಹೋಗು, ಎಲ್ಲಾದ್ರೂ ಮಲಗು. ಮೈಮ್ಯಾಲೆ ಲಿಂಗ ಇಲ್ದೆ ಒಂದ್ ತೊಟ್ಟು ನೀರೂ ಕುಡೀಬ್ಯಾಡ ಮಗಾ." ಅವನು ತಾಯಿಯ ಪಾದ ಮುಟ್ಟಿ ಹೂಂ ಅಂದಿದ್ದ. ಆ ಮಾತನ್ನು ಎರಡು ಹಗಲು ಎರಡು ರಾತ್ರಿಯ ರೈಲಿನಲ್ಲೂ ತಪ್ಪಲಿಲ್ಲ. ಬೆಳಿಗ್ಗೆ ಬಾಟಲಿ ನೀರಿನಲ್ಲಿ ಕೈಕಾಲು ತೊಳೆದು, ಎದೆಯ ಮೇಲಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಯೇ ಚಹಾ ಕುಡಿಯುತ್ತಿದ್ದ. ಎದುರು ಸೀಟಿನಲ್ಲಿ ಚರ್ಚಿನ ಹುಡುಗರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಎರಡೂ ಕಡೆಯ ದೇವರ ಕೆಲಸ ಮುಗಿಯುವ ತನಕ ನಾನು ತಿಂಡಿ ಪೊಟ್ಟಣ ಕಾಯುತ್ತಿದ್ದೆ.

ಮೂರು ವಾರ ಸುಣ್ಣ ಬಳಿದೆವು. ಎಲ್ಲರಿಗೂ ಒಂದೇ ಥರದ ತಿಳಿನೀಲಿ ಅಂಗಿ ಕೊಟ್ಟಿದ್ದರು. ಸುಣ್ಣದ ಚುಕ್ಕಿ ಬಿದ್ದೂ ಬಿದ್ದೂ ಯಾವುದು ಯಾರದೆಂದು ಗೊತ್ತಾಗದಂತಾಯಿತು. ಅಲ್ಲಿ ಅಡುಗೆ ಮಾಡುತ್ತಿದ್ದವರೂ ಆಶ್ರಮದವರೇ. ಬೆರಳು ಮುದುಡಿಹೋದ ಅಜ್ಜಿಯೊಬ್ಬರು ಮೊದಲ ದಿನ ಅನ್ನದ ಸಟ್ಟುಗ ಎತ್ತಿದಾಗ ನಾನು, ಸುಳ್ಳೇಕೆ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಬಸವರಾಜು ಮೊದಲು ತಟ್ಟೆ ಒಡ್ಡಿದ. ಎರಡನೇ ಸಲವೂ ಹಾಕಿಸಿಕೊಂಡ. ಈ ಊಟದ ವಿಷಯ ನೆನಪಿಡಿ, ಯಾಕೆಂದರೆ ಫೆಲಿಕ್ಸ್ ಅದನ್ನು ಮರೆಯಲಿಲ್ಲ.

ವಾಪಸು ಬರುವಾಗ ಮದ್ರಾಸು ದಾಟಿದ ಮೇಲೆ ಬಸವರಾಜು ಕರಡಿಗೆ ಕಟ್ಟಿಕೊಂಡಿದ್ದ ಶಿವದಾರ ಹರಿಯಿತು. ಕರಡಿಗೆಯನ್ನು ಅಂಗಿಯ ಎದೆಜೇಬಿನಲ್ಲಿಟ್ಟುಕೊಂಡ, ಊರಿಗೆ ಹೋಗಿ ಹೊಸ ದಾರ ಹಾಕಿದರಾಯಿತೆಂದು. ಬೆಳಿಗ್ಗೆ ಬೆಂಗಳೂರಿಗೆ ಬಂದೆವು. ಉಳಿದ ಹುಡುಗರು ನೆಂಟರ ಮನೆಗಳಿಗೆ ಹೋದರು. ಆಗ ಸಕಲೇಶಪುರದ ರೈಲು ನಿಂತುಹೋಗಿತ್ತು, ಹಳಿ ಅಗಲ ಮಾಡುತ್ತಿದ್ದರು. ಘಟ್ಟದ ಎಡಕುಮೇರಿ ಸ್ಟೇಷನ್ನಿನಲ್ಲಿ ಆನೆಗಳು ಓಡಾಡುತ್ತವೆ ಎಂದು ಜನ ಹೇಳುತ್ತಿದ್ದರು. ನಮಗೆ ಬಸ್ಸೇ ಗತಿ. ಬಸ್ ನಿಲ್ದಾಣದ ನಲ್ಲಿಯಲ್ಲಿ ಮೈ ತೊಳೆಯಲು ಫೆಲಿಕ್ಸ್, ಬಸವರಾಜು ಇಬ್ಬರೂ ನೀಲಿ ಅಂಗಿ ಕಳಚಿ ಬೆಂಚಿನ ಮೇಲಿಟ್ಟು, ಬೇರೆ ಅಂಗಿ ಹಿಡಿದು ಹೋದರು. ಸಾಮಾನು ಕಾಯುವುದು ನನ್ನ ಪಾಲಿಗೆ ಬಂತು. ಅವರು ಬರುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಮೂವರೂ ಚೀಲ ಎತ್ತಿಕೊಂಡು ಓಡಿದೆವು.

ಹಾಸನ ದಾಟಿತು. ಆಲೂರು ಬಂತು. ಬಸವರಾಜು ಏಳಲಿಲ್ಲ.

"ಇಳ್ಕೊಳೋ, ನಿಮ್ಮೂರು ಬಂತು," ಎಂದ ಫೆಲಿಕ್ಸ್.

"ನಿಮ್ಮನೇಗೇ ಬತ್ತೀನಿ," ಎಂದ ಬಸವರಾಜು. ಫೆಲಿಕ್ಸ್‌ಗೆ ಎಲ್ಲಿಲ್ಲದ ಖುಷಿ. ನಾನು ಹೇಗೂ ಅಲ್ಲಿಗೇ ಹೊರಟಿದ್ದೆ, ಆ ಮನೆಗೆ ಹತ್ತು ಸಲ ಹೋಗಿದ್ದೆ, ಬಸವರಾಜು ಒಮ್ಮೆಯೂ ಬಂದಿರಲಿಲ್ಲ.

ಸಕಲೇಶಪುರದಲ್ಲಿ ಹೆತ್ತೂರು ಬಸ್ಸಿಗೆ ಕಾಯುವಾಗ ಅವನು ನನ್ನನ್ನು ಪಕ್ಕಕ್ಕೆ ಎಳೆದ. ಮುಖ ಬೂದಿ ಬಡಿದಂತಿತ್ತು. "ಲಿಂಗ ಹೋಗ್ಬುಡ್ತು ಕಣೋ. ಚೀಲದಲ್ಲಿ ಅಂಗಿ ಐತೆ, ಜೇಬು ಖಾಲಿ. ಎಲ್ಲೋ ಬಿದ್ದೋಗೈತೆ. ಅವ್ವಂಗೆ ಯಾವ ಮುಖ ತೋರಿಸ್ಲಿ?"

"ಮಠಕ್ಕೆ ಹೋಗಿ ಇನ್ನೊಂದು ಕಟ್ಟಿಸ್ಕೊಂಡ್ರಾಯ್ತಲ್ಲ. ಫೆಲಿಕ್ಸ್‌ಗೆ ಹೇಳೋಣ ಬಾ."

"ಬ್ಯಾಡ! ಮಠಕ್ಕೋದ್ರೆ ಅಪ್ಪಂಗೆ ಗೊತ್ತಾಯ್ತದೆ. ಮಿಷನ್ ಜೊತೆ ಹೋದೋನ ಲಿಂಗ ತೆಗೆಸ್ಬುಟ್ರು ಅಂತಾರೆ ಆಲೂರಲ್ಲಿ. ಫೆಲಿಕ್ಸ್ ಬತ್ತಾನಲ್ಲ ನಮ್ಮಂಗಡಿಗೆ, ಅವನ್ನ ಒಳಕ್ಕೆ ಸೇರಿಸ್ತಾರಾ ಆಮೇಲೆ? ನೀನು ಉಸಿರೆತ್ತಬ್ಯಾಡ, ಆಣೆ."

ಹೀಗೆ ಗೆಳೆಯನ ಮಾನ ಉಳಿಸಲು ಬಾಯಿ ಕಟ್ಟಿಕೊಂಡವನು ಆ ಗೆಳೆಯನ ಮನೆಗೇ ಉಪವಾಸ ಬಂದ.

ಫೆಲಿಕ್ಸನ ತಾಯಿ ಸಿಸಿಲಿಯಮ್ಮ. ಮನೆಮಾತು ಕೊಂಕಣಿ, ನಮ್ಮ ಜೊತೆ ಮಾತ್ರ ಊರ ಕನ್ನಡ. ಮೀನು ತಾಗದ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ, ತೊಳೆದು, ಅಕ್ಕಿರೊಟ್ಟಿ, ಹಲಸಿನಕಾಯಿ ಪಲ್ಯ ಮಾಡಿದರು. "ಎಲ್ಲಾ ಬ್ಯಾರೆ ಪಾತ್ರೇಲಿ ಮಾಡಿದ್ದು ಮಗಾ, ನೀನು ಸಂಶಯ ಪಡಬ್ಯಾಡ," ಎಂದು ತಟ್ಟೆ ಇಟ್ಟರು. ಬಸವರಾಜು ತಟ್ಟೆ ನೋಡಿದ, "ಹೊಟ್ಟೆ ಸರಿಯಿಲ್ಲಮ್ಮ" ಎಂದ. ಗಂಜಿ ಬಂತು. ಬೇಡ. ಮಜ್ಜಿಗೆ ಬಂತು. ಬೇಡ. ನೀರಿನ ಲೋಟವನ್ನೂ ಮುಟ್ಟಲಿಲ್ಲ. ನಾನು ಎಷ್ಟು ದುಃಖದಲ್ಲಿದ್ದೆ ಎಂದರೆ ಆರು ರೊಟ್ಟಿ ತಿಂದೆ. ರಾತ್ರಿಯೂ ಅದೇ ಕಥೆ. ಮಾರನೆಯ ಬೆಳಿಗ್ಗೆ ಕಾಫಿಯನ್ನೂ ಅವನು ಕೈಯಲ್ಲಿ ಸರಿಸಿದಾಗ ಸಿಸಿಲಿಯಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನೂ ನೋಡಿದೆ, ಫೆಲಿಕ್ಸನೂ ನೋಡಿದ.

ಫೆಲಿಕ್ಸ್ ನಮ್ಮಿಬ್ಬರನ್ನೂ ಕಾಫಿ ಕಣದ ಹತ್ತಿರಕ್ಕೆ ಕರೆದುಕೊಂಡು ಹೋದ. ಅವನಿಗೆ ಸಿಟ್ಟು ಬಂದರೆ ಧ್ವನಿ ತಗ್ಗುತ್ತದೆ. "ಅಲ್ಲಿ ಆ ಅಜ್ಜಿ ಕೈಲಿ ಎರಡೆರಡು ಸಲ ಉಂಡೋನು ನೀನು. ನಮ್ಮಮ್ಮನ ಕೈ ನಿಂಗೆ ಆಗಲ್ವಾ ಬಸು? ಆಗಲ್ಲ ಅಂದ್ರೆ ಹೇಳ್ಬುಡು. ಈಗ್ಲೇ ಬಸ್ ಹತ್ತಿಸ್ತೀನಿ. ಇನ್ನೊಂದ್ಸಲ ನನ್ನ ಮಾತಾಡಿಸ್ಬ್ಯಾಡ."

ಬಸವರಾಜು ಚೀಲ ತರಲು ಮನೆಯತ್ತ ತಿರುಗಿದ. ಅವನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಸ್ ಹತ್ತಿದರೆ ಇಬ್ಬರೂ ಮತ್ತೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದೂ ಗೊತ್ತಿತ್ತು. ಆಣೆ ಮುರಿದೆ. "ಅವನ ಲಿಂಗ ಕಳ್ದೋಗೈತೆ ಮಾರಾಯ. ಅದಿಲ್ದೆ ನೀರೂ ಕುಡಿಯಂಗಿಲ್ಲ. ನಿಮ್ಮ ಮೇಲೆ ಮಾತು ಬತ್ತದೆ ಅಂತ ಬಾಯಿ ಬಿಡ್ತಿಲ್ಲ."

ಫೆಲಿಕ್ಸ್ ಅಮ್ಮನನ್ನು ಕೂಗುತ್ತ ಮನೆಗೆ ಓಡಿದ. ನಾವು ಹಿಂದೆ ಹೋಗುವಷ್ಟರಲ್ಲಿ ಸಿಸಿಲಿಯಮ್ಮ ಅಂಗಳಕ್ಕೆ ಬಂದಿದ್ದರು. "ಇಷ್ಟೇನಾ! ಮೊದ್ಲೇ ಹೇಳಕ್ಕೇನಾಗಿತ್ತು ಮಗಾ?" ಎನ್ನುತ್ತಲೇ ನನ್ನ ಚೀಲ, ಬಸವರಾಜುವಿನ ಚೀಲ, ಫೆಲಿಕ್ಸನ ಚೀಲ ಮೂರನ್ನೂ ಒಗೆಯುವ ಕಲ್ಲಿನ ಮೇಲೆ ಸುರಿದರು. ಒಂದೊಂದೇ ಬಟ್ಟೆ ಅದುಮಿ ನೋಡಿದರು. ಫೆಲಿಕ್ಸನ ಚೀಲದಿಂದ ಬಿದ್ದ ನೀಲಿ ಅಂಗಿಯ ಮೇಲೆ ಅವರ ಕೈ ನಿಂತಿತು. ಜೇಬಿನೊಳಗೆ ಏನೋ ಗಟ್ಟಿಯಾಗಿತ್ತು. ಅವರು ಜೇಬಿಗೆ ಕೈ ಹಾಕಲಿಲ್ಲ. ಅಂಗಿಯನ್ನು ಎರಡೂ ಅಂಗೈ ಮೇಲೆ ಹರವಿಕೊಂಡು ಬಂದು ಬಸವರಾಜುವಿನ ಮುಂದೆ ಹಿಡಿದರು. "ನೀನೇ ತಗೋ. ನಿಮ್ಮ ದೇವ್ರು, ನಾನು ಮುಟ್ಟಬಾರದು."

ಬಸವರಾಜು ಗಳಗಳ ಅತ್ತ. ಸಿಸಿಲಿಯಮ್ಮನ ಹೊಲಿಗೆ ಡಬ್ಬಿಯ ಬಿಳಿ ದಾರವನ್ನೇ ಹುರಿ ಮಾಡಿ ಕಟ್ಟಿಕೊಂಡು, ಸ್ನಾನ ಮಾಡಿ, ಶಿಲುಬೆ ನೇತುಹಾಕಿದ ಗೋಡೆಯ ಕೆಳಗೇ ಕೂತು ಪೂಜೆ ಮಾಡಿದ. ರೊಟ್ಟಿ ಬಡಿಸುವಾಗ ಫೆಲಿಕ್ಸನ ಅಪ್ಪ ರೈಟರು ಒಳಗಿನಿಂದ ಕೂಗಿದರು: "ಈಗಾದ್ರೂ ನೀನೂ ಒಂದು ತಿನ್ನೇ. ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ." ನಾವು ತಿರುಗಿ ನೋಡಿದೆವು. "ಮನೇಗೆ ಬಂದೋನು ಹಸ್ಕೊಂಡು ಕೂತವ್ನೆ, ನಂಗೆ ಗಂಟಲಲ್ಲಿ ಇಳೀತದಾ?" ಎಂದರು ಸಿಸಿಲಿಯಮ್ಮ, ಏನೂ ಆಗಿಲ್ಲವೆಂಬಂತೆ.

ಅಂಗಿ ಹೇಗೆ ಅದಲುಬದಲಾಯಿತು? ಫೆಲಿಕ್ಸ್ ಅಂದೇ ಹೇಳಿದ, "ಅವಸರದಲ್ಲಿ ನಾನೇ ತುಂಬಿರ್ಬೇಕು." "ಇಲ್ಲ ಕಣೋ, ನಾನೇ," ಎಂದ ಬಸವರಾಜು. ಹನ್ನೆರಡು ವರ್ಷ ಇಬ್ಬರೂ ಆ ತಪ್ಪಿಗೆ ಮರ್ಯಾದೆಯಿಂದ ಕಿತ್ತಾಡಿಕೊಂಡು ಬಂದಿದ್ದರು. ಇಬ್ಬರೂ ಅಲ್ಲ. ನಲ್ಲಿಯಿಂದ ಅವರು ಬರುವ ಮೊದಲೇ, ಬೆಂಚಿನ ಮೇಲಿದ್ದ ಎರಡು ಅಂಗಿಗಳನ್ನು ಚೀಲಕ್ಕೊಂದರಂತೆ ತುರುಕಿ, ಜಾಣನೆಂದು ಬೀಗುತ್ತ ಕೂತಿದ್ದವನು ನಾನು. ಆ ನೀಲಿ ಅಂಗಿ ಫೆಲಿಕ್ಸನ ಚೀಲದಿಂದ ಬಿದ್ದ ಕ್ಷಣದಲ್ಲೇ ನನಗೆ ಹೊಳೆಯಿತು. ಎಲ್ಲರೂ ಅಳುತ್ತ ನಗುತ್ತ ಇದ್ದರು. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ನನಗೆ ನಾಚಿಕೆಯಿತ್ತು, ಅಷ್ಟೇ.

ಸುಣ್ಣದ ವಾಸನೆಯಲ್ಲಿ ನಿಂತಿದ್ದಂತೆಯೇ ಲೋಟದ ಕಾಫಿ ಆರಿಹೋಗಿತ್ತು. ಇಬ್ಬರಿಗೂ ಫೋನ್ ಮಾಡಿ ಭಾನುವಾರ ಹೆತ್ತೂರಿಗೆ ಬನ್ನಿ ಎಂದೆ. ಬಸವರಾಜು ಅಂಗಡಿಗೆ ಬೀಗ ಹಾಕಿ ಬಂದ. ಸಿಸಿಲಿಯಮ್ಮನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೂವರ ಎದುರಿಗೂ ಹೇಳಿಬಿಟ್ಟೆ. ಫೆಲಿಕ್ಸ್ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ಹನ್ನೆರಡು ವರ್ಷ ಲಿಂಗದ ಮುಂದೆ ತಪ್ಪಾಯ್ತು ತಪ್ಪಾಯ್ತು ಅಂತ ನಾನು ಹೇಳ್ಕಂಡಿದ್ದು ನಿನ್ ತಪ್ಪಿಗೇನ್ಲಾ?" ಎಂದು ಬಸವರಾಜು ನನ್ನ ಬೆನ್ನಿಗೊಂದು ಗುದ್ದಿದ. ಅದು ನೋಯಿತು, ಹಿತವಾಗಿಯೂ ಇತ್ತು.

ಸಿಸಿಲಿಯಮ್ಮ ಕಾವಲಿಯಿಂದ ಕಣ್ಣೆತ್ತಲಿಲ್ಲ. "ನೀನು ಸರಿಯಾಗಿ ತುಂಬಿದ್ರೆ ಇವ್ನು ಆಲೂರಲ್ಲೇ ಇಳ್ದು ಹೋಗ್ತಿದ್ದ. ನಂಗೆ ಈ ಮಗ ಎಲ್ಲಿಂದ ಸಿಗ್ತಿದ್ದ?" ಎಂದರು. ಆಮೇಲೆ ರೊಟ್ಟಿ ಮಗುಚಿ, ನನ್ನತ್ತ ತಿರುಗಿ, "ಇನ್ನೇನಾದ್ರೂ ಬಚ್ಚಿಟ್ಕೊಂಡಿದೀಯಾ? ಇದ್ರೆ ಈಗ್ಲೇ ಹೇಳ್ಬುಡು, ಆಮೇಲೆ ಊಟಕ್ಕೆ ಕೂರು," ಎಂದರು.

"ಏನೂ ಇಲ್ಲಮ್ಮ," ಎಂದೆ. ನಿಜಕ್ಕೂ ಏನೂ ಇರಲಿಲ್ಲ.